ಚಕ್ಕುಲಿ ಎಣ್ಣೆ ಕುಡೀತಿದೆಯಾ? ಫ್ರೈಯರ್ ಕಡೆ ಒಮ್ಮೆ ನೋಡಿ

ಹಬ್ಬದ ಆರ್ಡರ್ ಕೈತುಂಬ ಇದೆ. ಅದೇ ಅಕ್ಕಿ ಹಿಟ್ಟು, ಅದೇ ಅಳತೆ, ಅದೇ ಬೆಣ್ಣೆ. ಆದರೂ ಈ ಸಲದ ಚಕ್ಕುಲಿ ಯಾಕೋ ಕೈಗೆ ಜಿಡ್ಡು ಅಂಟಿಸುತ್ತಿದೆ. ಒಂದು ಸಲ ಹಾಕಿದ್ದು ಬೆಳ್ಳಗೆ, ಮತ್ತೊಂದು ಸಲದ್ದು ಕೆಂಪಗೆ. ಹಿಟ್ಟಿನ ಹದ ತಪ್ಪಿತೇನೋ ಅಂತ ಮತ್ತೆ ನಾದುತ್ತೀರಿ. ಬೆಣ್ಣೆ ಕಡಿಮೆ ಮಾಡಿ ನೋಡುತ್ತೀರಿ. ಹಿಟ್ಟಿನ ಗಿರಣಿಯವನನ್ನು ಬೈದದ್ದೂ ಆಯಿತು. ಆದರೆ ಮೂಲೆಯಲ್ಲಿ ತೆಪ್ಪಗೆ ಕೂತಿರುವ ಸ್ಟೀಲ್ ಫ್ರೈಯರ್ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ!

ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಅಕ್ಕಪಕ್ಕದವರಿಗೆ, ಕಾಂಡಿಮೆಂಟ್ಸ್ ಅಂಗಡಿಗೆ ಕೊಡುವ ಗೃಹಿಣಿಯರು ಈಗ ಬಡಾವಣೆಗೊಬ್ಬರಾದರೂ ಇದ್ದಾರೆ. ಬಾಣಲೆಯಲ್ಲಿ ಶುರುವಾದ ಕೆಲಸ ಆರ್ಡರ್ ಹೆಚ್ಚುತ್ತಿದ್ದಂತೆ ಹೋಟೆಲ್‌ನವರು ಬಳಸುವ ಫ್ರೈಯರ್‌ಗೆ ಬಂದು ನಿಲ್ಲುತ್ತದೆ. ಬಾಣಲೆಯಾದರೆ ಹಿಟ್ಟಿನ ಚೂರು ಬಿಟ್ಟು ನೋಡಿ ಕಾವು ಎಷ್ಟಿದೆ ಅಂತ ಕಣ್ಣಲ್ಲೇ ಹೇಳುತ್ತಿದ್ದಿರಿ. ಫ್ರೈಯರ್ ಬಂದ ಮೇಲೆ ಗುಂಡಿ ತಿರುಗಿಸಿ 180ಕ್ಕೆ ಇಟ್ಟರೆ ಮುಗಿಯಿತು. ಅಂದರೆ ನಿಮ್ಮ ಕಣ್ಣಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ್ದೀರಿ. ಆ ಯಂತ್ರ ತಪ್ಪು ಲೆಕ್ಕ ಹೇಳತೊಡಗಿದರೆ? ಅದು ಕೆಟ್ಟು ನಿಲ್ಲುವ ಎಷ್ಟೋ ದಿನ ಮೊದಲೇ ತಿಂಡಿಯಲ್ಲಿ, ಎಣ್ಣೆಯಲ್ಲಿ, ಪ್ಲಗ್‌ನಲ್ಲಿ ಸೂಚನೆ ಕೊಡುತ್ತದೆ. ಅದನ್ನು ಗುರುತಿಸುವುದಕ್ಕೆ ಎಂಜಿನಿಯರ್ ಆಗಬೇಕಿಲ್ಲ.

ಒಳಗೆ ಇರುವುದೇನು?

ಮೇಜಿನ ಮೇಲಿಡುವ 6 ಲೀಟರಿನ ವಿದ್ಯುತ್ ಫ್ರೈಯರನ್ನೇ ನೋಡೋಣ. ಎಣ್ಣೆಯ ತಳದಲ್ಲಿ ಮಡಚಿದ ಕೊಳವೆಯಂತೆ ಕಾಣುವುದು ಕಾಯಿಲ್, ಅಂದರೆ ಹೀಟಿಂಗ್ ಎಲಿಮೆಂಟ್. ಅದರ ಪಕ್ಕದಲ್ಲಿ ಪೆನ್ಸಿಲ್‌ನಷ್ಟು ದಪ್ಪದ ಒಂದೆರಡು ಸಣ್ಣ ಕಡ್ಡಿಗಳಿರುತ್ತವೆ. ಅದರಿಂದ ಕೂದಲೆಳೆಯಂಥ ತೆಳು ಕೊಳವೆ ಮೇಲೆ ಹೋಗಿ ಗುಂಡಿಯ ಹಿಂದೆ ಸೇರುತ್ತದೆ. ಇದೇ ಥರ್ಮೋಸ್ಟಾಟ್. ಕಡ್ಡಿಯೊಳಗೆ ದ್ರವ ತುಂಬಿರುತ್ತದೆ. ಎಣ್ಣೆ ಕಾದಂತೆ ಅದು ಹಿಗ್ಗಿ, ಗುಂಡಿಯ ಹಿಂದಿನ ಸ್ವಿಚ್ಚನ್ನು ತಳ್ಳಿ ಕರೆಂಟ್ ಕಡಿಯುತ್ತದೆ. ತಣ್ಣಗಾದರೆ ಕುಗ್ಗಿ ಮತ್ತೆ ಕರೆಂಟ್ ಬಿಡುತ್ತದೆ. ದೀಪ ಆಗಾಗ ಹತ್ತಿ ಆರುವುದು ಇದಕ್ಕೇ.

ಎರಡು ಕಡ್ಡಿ ಇದ್ದರೆ ಎರಡನೆಯದು ಕಾವಲುಗಾರ. ಮೊದಲನೆಯದು ಕೈಕೊಟ್ಟು ಎಣ್ಣೆ ವಿಪರೀತ ಕಾದರೆ, ಸಾಮಾನ್ಯವಾಗಿ 220ರಿಂದ 240 ಡಿಗ್ರಿ ಆಸುಪಾಸಿನಲ್ಲಿ, ಇದು ಕರೆಂಟನ್ನು ಪೂರ್ತಿ ಕತ್ತರಿಸುತ್ತದೆ. ತಾನಾಗಿ ಮತ್ತೆ ಶುರುವಾಗುವುದಿಲ್ಲ. ಫ್ರೈಯರ್‌ನ ಹಿಂಬದಿಯಲ್ಲೋ, ಪೆಟ್ಟಿಗೆಯ ಬದಿಯಲ್ಲೋ ಸಣ್ಣ ಮುಚ್ಚಳದಡಿ ಇರುವ ಗುಂಡಿಯನ್ನು ನಾವೇ ಒತ್ತಬೇಕು. ಹಲವು ಫ್ರೈಯರ್‌ಗಳಲ್ಲಿ ಅದು ಕೆಂಪು ಬಣ್ಣದ್ದು. ನಿಮ್ಮದರಲ್ಲಿ ಅದು ಎಲ್ಲಿದೆ ಅಂತ ಗೊತ್ತಾ? ಇಲ್ಲದಿದ್ದರೆ ಇವತ್ತೇ ಹುಡುಕಿ ಇಟ್ಟುಕೊಳ್ಳಿ. ಈ ಗುಂಡಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ದೋಷ ಎಣ್ಣೆಯದೋ, ಯಂತ್ರದ್ದೋ?

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಇದನ್ನು ತೀರ್ಮಾನ ಮಾಡಿಕೊಂಡರೆ ಸುಮ್ಮನೆ ಕೊಡುವ ವಿಸಿಟಿಂಗ್ ಚಾರ್ಜ್ ಉಳಿಯುತ್ತದೆ. ಎಣ್ಣೆ ಹಳೆಯದಾದರೂ ತಿಂಡಿ ಕೆಡುತ್ತದೆ, ಯಂತ್ರ ಕೆಟ್ಟರೂ ಕೆಡುತ್ತದೆ. ಎರಡರ ಲಕ್ಷಣವೂ ಒಂದೇ ಥರ ಕಾಣುವುದರಿಂದಲೇ ಗೊಂದಲ.

ಹಳೆಯ ಎಣ್ಣೆ ಮಂದವಾಗಿ ಪಾಕದ ಹಾಗೆ ಜಾರುತ್ತದೆ. ಕರಿಯುವಾಗ ನೊರೆ ಬಂದು, ತಿಂಡಿ ತೆಗೆದ ಮೇಲೂ ಆ ನೊರೆ ಇಳಿಯುವುದಿಲ್ಲ. ಬಣ್ಣ ಕಪ್ಪಾಗಿ ಮೂಗಿಗೆ ಕಮಟು ವಾಸನೆ ಬಡಿಯುತ್ತದೆ. ಮಾಮೂಲಿ ಕಾವಿನಲ್ಲೇ ಹೊಗೆ ಏಳುತ್ತದೆ. ಇಂಥ ಎಣ್ಣೆಯನ್ನು ಬದಲಿಸಲೇಬೇಕು. ಕರಿದು ಕರಿದು ಎಣ್ಣೆಯಲ್ಲಿ ಸೇರುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಆ ಎಣ್ಣೆಯನ್ನು ಬಳಸಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮಾರುವವರು ಇದನ್ನು ಅಸಡ್ಡೆ ಮಾಡುವಂತಿಲ್ಲ.

ಈಗ ಪರೀಕ್ಷೆ. ಟ್ಯಾಂಕ್ ತೊಳೆದು, ಚೆನ್ನಾಗಿ ಒಣಗಿಸಿ ಹೊಸ ಎಣ್ಣೆ ಹಾಕಿ. ಎಂದಿನ ಹಿಟ್ಟಿನಲ್ಲೇ ಒಂದು ಬುಟ್ಟಿ ಕರಿಯಿರಿ. ತಿಂಡಿ ಸರಿಯಾಗಿ ಬಂದರೆ ಯಂತ್ರ ಬಚಾವ್. ಹೊಸ ಎಣ್ಣೆಯಲ್ಲೂ ಚಕ್ಕುಲಿ ಎಣ್ಣೆ ಕುಡಿದರೆ, ಅಥವಾ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿದ್ದರೆ ಕಾವಿನಲ್ಲಿ ಏರುಪೇರಿದೆ ಎಂದೇ ಅರ್ಥ. ಕಾವು ಕಡಿಮೆಯಾದರೆ ತಿಂಡಿ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಹೊರಪದರ ಬೇಗ ಗಟ್ಟಿಯಾಗುವುದಿಲ್ಲ, ಜಿಡ್ಡು ಜಾಸ್ತಿ. ಕಾವು ಹೆಚ್ಚಾದರೆ ಮೇಲೆ ಕಂದು, ಒಳಗೆ ಮೆತ್ತಗೆ. ಮೂರನೆಯದೂ ಒಂದಿದೆ. ವಾರಗಟ್ಟಲೆ ಬರುತ್ತಿದ್ದ ಎಣ್ಣೆ ಇದ್ದಕ್ಕಿದ್ದಂತೆ ಎರಡು ಮೂರು ದಿನಕ್ಕೇ ಕಪ್ಪಾಗತೊಡಗಿದರೆ ಎಣ್ಣೆ ಕಂಪನಿಯನ್ನು ಬೈಯುವ ಮೊದಲು ಥರ್ಮೋಸ್ಟಾಟನ್ನು ಅನುಮಾನಿಸಿ.

ಕಾಯುವುದಕ್ಕೇ ಅರ್ಧ ಗಂಟೆ!

6 ಲೀಟರ್ ಎಣ್ಣೆ, 2.5 ಕಿಲೋವಾಟ್ ಕಾಯಿಲ್ ಇರುವ ಫ್ರೈಯರ್ ಸುಮಾರು 12ರಿಂದ 15 ನಿಮಿಷದಲ್ಲಿ 180 ಡಿಗ್ರಿಗೆ ಬರಬೇಕು. ಒಳ್ಳೆಯ ಸ್ಥಿತಿಯಲ್ಲಿದ್ದಾಗ ನಿಮ್ಮದು ಎಷ್ಟು ನಿಮಿಷ ತೆಗೆದುಕೊಳ್ಳುತ್ತದೆ ಅಂತ ಒಮ್ಮೆ ಗಡಿಯಾರ ನೋಡಿ, ಚೀಟಿಯಲ್ಲಿ ಬರೆದು ಅಡುಗೆಮನೆ ಕಪಾಟಿನ ಒಳಗೆ ಅಂಟಿಸಿಡಿ. ಮುಂದೆ ಯಾವತ್ತಾದರೂ ಅನುಮಾನ ಬಂದರೆ ಹೋಲಿಸಿ ನೋಡಲು ಒಂದು ಲೆಕ್ಕ ಇರುತ್ತದೆ.

ತಡವಾದ ಕೂಡಲೇ ಕಾಯಿಲ್ ಹೋಯ್ತು ಅಂತ ಗಾಬರಿ ಬೇಡ. ಮೊದಲು ವೋಲ್ಟೇಜ್ ನೋಡಿ. 230 ಇರಬೇಕಾದ ಕಡೆ 200 ವೋಲ್ಟ್ ಬರುತ್ತಿದ್ದರೆ ಕಾಯಿಲ್ ಕೊಡುವ ಶಾಖ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. 12 ನಿಮಿಷದ ಕೆಲಸಕ್ಕೆ 16 ನಿಮಿಷ. ಬೇಸಿಗೆಯ ಸಂಜೆ ಹೊತ್ತು ಬೀದಿಯ ಮನೆಗಳಲ್ಲೆಲ್ಲ ಎ.ಸಿ., ಮೋಟರು ಓಡುವಾಗ ಹೀಗಾಗುವುದುಂಟು. ಬೆಳಗಿನ ಜಾವ ಸರಿಯಾಗಿ ಕಾದು ಸಂಜೆ ಮಾತ್ರ ಎಳೆಯುತ್ತಿದ್ದರೆ ದೋಷ ಫ್ರೈಯರ್‌ನದ್ದಲ್ಲ.

ಎಲ್ಲ ಹೊತ್ತಿನಲ್ಲೂ ನಿಧಾನವೇ? ಆಗ ಕಾಯಿಲ್ ಕಡೆ ಬನ್ನಿ. ಪ್ಲಗ್ ತೆಗೆದು, ಎಣ್ಣೆ ಪೂರ್ತಿ ತಣ್ಣಗಾದ ಮೇಲೆ ಖಾಲಿ ಮಾಡಿ ನೋಡಿ. ಕಾಯಿಲ್ ಮೇಲೆ ಇದ್ದಿಲಿನಂಥ ಕಪ್ಪು ಕರಕಲು ಪದರ ಕಟ್ಟಿಕೊಂಡಿದ್ದರೆ ಅದು ಶಾಖವನ್ನು ಎಣ್ಣೆಗೆ ಬಿಟ್ಟುಕೊಡುವುದಿಲ್ಲ. ಒಳಗೇ ಕಾದು ಕಾದು ಒಂದು ದಿನ ಕಾಯಿಲ್ ಸುಟ್ಟುಹೋಗುತ್ತದೆ. ಊದಿಕೊಂಡ ಜಾಗ, ಬಿರುಕು, ಬಾಗಿದ ಕಡೆ ಬಿಳಿಚಿದ ಕಲೆ ಕಂಡರೆ ಬದಲಿಸುವ ಕಾಲ ಬಂದಿದೆ. ದೊಡ್ಡ ಫ್ರೈಯರ್‌ಗಳಲ್ಲಿ ಎರಡು ಮೂರು ಕಾಯಿಲ್ ಇರುತ್ತವೆ. ಒಂದು ಹೋದರೂ ಯಂತ್ರ ನಡೆಯುತ್ತಲೇ ಇರುತ್ತದೆ, ಆದರೆ ಎಣ್ಣೆ ಒಂದು ಬದಿಯಲ್ಲಿ ಮಾತ್ರ ಅಲುಗಾಡುವುದು ಕಾಣುತ್ತದೆ. ಬುಟ್ಟಿ ಇಳಿಸಿದ ಮೇಲೆ ಮತ್ತೆ ಕಾವೇರುವುದಕ್ಕೆ ಸಿಕ್ಕಾಪಟ್ಟೆ ಹೊತ್ತು ಬೇಕಾಗುವುದೂ ಇದೇ ಕಾರಣಕ್ಕೆ.

ಡಾಲ್ಡಾ ಬಳಸುವವರಿಗೆ ಒಂದು ಮಾತು. ಗಟ್ಟಿ ಡಾಲ್ಡಾವನ್ನು ಹಾಗೇ ಟ್ಯಾಂಕಿಗೆ ಸುರಿದು ಸ್ವಿಚ್ ಹಾಕಬೇಡಿ. ಕಾಯಿಲ್ ಸುತ್ತಲಿನದ್ದು ಕರಗಿ ಇಳಿದು ಗಾಳಿ ಜಾಗ ಉಳಿಯುತ್ತದೆ, ಕಾಯಿಲ್ ಒಣಗಿಯೇ ಕಾಯುತ್ತದೆ. ಬೇರೆ ಪಾತ್ರೆಯಲ್ಲಿ ಕರಗಿಸಿ ಹಾಕಿದರೆ ಕಾಯಿಲ್ ಬಾಳಿಕೆ ಬರುತ್ತದೆ. ಎಣ್ಣೆ 'ಮಿನಿಮಮ್' ಗೆರೆಗಿಂತ ಇಳಿದಾಗಲೂ ಇದೇ ಕಥೆ.

ಥರ್ಮೋಸ್ಟಾಟ್ ಸುಳ್ಳು ಹೇಳಿದಾಗ

ಗುಂಡಿ 180 ಅಂತ ತೋರಿಸುತ್ತದೆ. ಎಣ್ಣೆ ನಿಜವಾಗಿ ಎಷ್ಟಿದೆ? ಇದನ್ನು ತಿಳಿಯಲು ಅಡುಗೆಗೆಂದೇ ಬರುವ, 300 ಡಿಗ್ರಿವರೆಗೆ ತೋರಿಸುವ ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ಕೊಳ್ಳಿ. (ಜ್ವರ ನೋಡುವುದನ್ನು ಇಳಿಸಲು ಹೋಗಬೇಡಿ, ದಮ್ಮಯ್ಯ!) ದೂರದಿಂದ ಗುರಿ ಇಟ್ಟು ನೋಡುವ ಗನ್ ಥರ್ಮಾಮೀಟರ್ ಎಣ್ಣೆಯ ಮೇಲ್ಮೈಯ ಲೆಕ್ಕವನ್ನಷ್ಟೇ ಕೊಡುತ್ತದೆ, ಈ ಕೆಲಸಕ್ಕೆ ಸಾಲದು.

ಗುಂಡಿಯನ್ನು 180ಕ್ಕೆ ಇಟ್ಟು, ದೀಪ ಮೂರು ನಾಲ್ಕು ಸಲ ಹತ್ತಿ ಆರುವವರೆಗೆ ಕಾಯಿರಿ. ಮೊದಲ ಸಲ ಕಾವು ಸ್ವಲ್ಪ ಮೇಲೆ ಹೋಗುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಎಣ್ಣೆಯ ನಡುವಿನಲ್ಲಿ, ಕಾಯಿಲ್‌ಗೆ ತಾಗದಂತೆ ಕಡ್ಡಿ ಹಿಡಿದು ನೋಡಿ. ದೀಪ ಆರಿದಾಗ ಮತ್ತು ಹತ್ತಿದಾಗ ಎರಡೂ ಅಂಕಿ ಬರೆದುಕೊಳ್ಳಿ. ಇವೆರಡರ ನಡುವಿನ ಅಂಕಿ 180ಕ್ಕಿಂತ ಐದಾರು ಡಿಗ್ರಿ ಆಚೀಚೆ ಇದ್ದರೆ ಚಿಂತೆಯಿಲ್ಲ. ಹತ್ತು ಡಿಗ್ರಿಗೂ ಮೀರಿದ ವ್ಯತ್ಯಾಸವಿದ್ದರೆ ತೋರಿಸಬೇಕು. ದೀಪ ಆರುವುದೇ ಇಲ್ಲ, ಅಂಕಿ 200 ದಾಟಿ ಏರುತ್ತಲೇ ಇದೆ ಅಂದರೆ ಕೂಡಲೇ ಮೇನ್ ಸ್ವಿಚ್ ಆರಿಸಿ. ಆ ದಿನದ ಕರಿಯುವ ಕೆಲಸ ಅಲ್ಲಿಗೆ ಮುಗಿಯಿತು.

ಹೀಗಾಗಲು ಕಾರಣ ಎರಡು. ಎಣ್ಣೆಯ ಕರಕಲು ಆ ಸಣ್ಣ ಕಡ್ಡಿಯ ಮೇಲೂ ಕಟ್ಟಿಕೊಂಡರೆ ಅದಕ್ಕೆ ಬಿಸಿ ತಡವಾಗಿ ತಟ್ಟುತ್ತದೆ. ಅಷ್ಟರಲ್ಲಿ ಎಣ್ಣೆ ಮುಂದೆ ಹೋಗಿರುತ್ತದೆ. ಇದು ಬರೀ ಕೊಳೆ, ಮೆತ್ತಗೆ ಒರೆಸಿ ತೆಗೆದರೆ ಸರಿಹೋಗುತ್ತದೆ. ಇನ್ನೊಂದು ಕಾರಣ ನಮ್ಮ ಕೈಯದೇ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗಿನಿಂದ ಗಸಗಸ ಉಜ್ಜಿದಾಗ ಆ ತೆಳು ಕೊಳವೆ ಮುರುಟಿ, ಕಣ್ಣಿಗೆ ಕಾಣದ ಬಿರುಕು ಬಿಟ್ಟು ದ್ರವ ಸೋರಿ ಹೋಗುತ್ತದೆ. ಆಮೇಲೆ ಹಿಗ್ಗುವುದಕ್ಕೆ ಏನೂ ಇಲ್ಲ. ಎಣ್ಣೆ ಎಷ್ಟೇ ಕಾದರೂ ಹಲವು ಥರ್ಮೋಸ್ಟಾಟ್‌ಗಳು ತಣ್ಣಗಿದೆ ಎಂದೇ ತಿಳಿದು ಕರೆಂಟ್ ಬಿಡುತ್ತಲೇ ಇರುತ್ತವೆ. ಕೆಲಸದವರ ಕೈಗೆ ಫ್ರೈಯರ್ ತೊಳೆಯಲು ಕೊಡುವ ಮುಂಚೆ ಆ ಕಡ್ಡಿಯನ್ನು ತೋರಿಸಿ ಹೇಳಿ.

'ಡೈರೆಕ್ಟ್ ಮಾಡ್ಕೊಡ್ತೀನಿ ಅಕ್ಕಾ...'

ಈಗ ಆ ರೀಸೆಟ್ ಗುಂಡಿಗೆ ಬರೋಣ. ಕರಿಯುತ್ತಿದ್ದಾಗ ಫ್ರೈಯರ್ ತಟ್ಟನೆ ನಿಂತಿತು ಅಂದುಕೊಳ್ಳಿ. ಕಾವಲುಗಾರ ಕರೆಂಟ್ ಕತ್ತರಿಸಿದ್ದಾನೆ. ಎಣ್ಣೆ ತಣಿದ ಮೇಲೆ ಗುಂಡಿ ಒತ್ತಿದಿರಿ, ಹತ್ತಿತು. ಎಣ್ಣೆ ಕಡಿಮೆ ಇದ್ದದ್ದಕ್ಕೆ ಒಮ್ಮೆ ಹೀಗಾಗಿರಬಹುದು, ತುಂಬಿಸಿ ನೋಡಿ. ಆದರೆ ಅದೇ ವಾರ ಮತ್ತೆ ಹಾರಿದರೆ, ಗುಂಡಿ ಒತ್ತಿ ಒತ್ತಿ ಕೆಲಸ ಸಾಗಿಸಬೇಡಿ. ಒಂದೋ ಮೊದಲ ಥರ್ಮೋಸ್ಟಾಟ್ ಕೆಟ್ಟಿದೆ, ಇಲ್ಲವೇ ಈ ಕಾವಲು ಭಾಗವೇ ಸವೆದಿದೆ. ಯಾವುದು ಅಂತ ನೋಡುವುದು ಮೆಕ್ಯಾನಿಕ್ ಕೆಲಸ.

ತೊಂದರೆ ಶುರುವಾಗುವುದು ಇಲ್ಲೇ. ನಾಳೆ ಬೆಳಗ್ಗೆ ಇನ್ನೂರು ಪ್ಯಾಕೆಟ್ ಕೊಡಬೇಕು. ಕಂಪನಿಯ ಸರ್ವೀಸ್‌ನವರು ಹಬ್ಬ ಮುಗಿದ ಮೇಲೆ ಬರ್ತೀವಿ ಅಂತಾರೆ. ಬೀದಿಯ ಎಲೆಕ್ಟ್ರಿಷಿಯನ್ ಬಂದು ಸ್ಕ್ರೂ ಬಿಚ್ಚಿ, "ಇದೊಂದು ಸುಮ್ನೆ ತೊಂದ್ರೆ ಕೊಡ್ತಿದೆ ಅಕ್ಕಾ, ಡೈರೆಕ್ಟ್ ಮಾಡ್ಕೊಡ್ತೀನಿ, ಇನ್ನು ಹಾರೋದೇ ಇಲ್ಲ" ಅನ್ನುತ್ತಾನೆ. ಎರಡು ವೈರು ಸೇರಿಸಿ ಟೇಪು ಸುತ್ತಿದರೆ ಆಯಿತು. ಐದು ನಿಮಿಷದ ಕೆಲಸ, ನೂರೋ ಇನ್ನೂರೋ ಖರ್ಚು. ಫ್ರೈಯರ್ ಬೆಣ್ಣೆಯಂತೆ ನಡೆಯುತ್ತದೆ. ನಿಜ, ಇನ್ನು ಅದು ಹಾರುವುದಿಲ್ಲ. ಯಾಕೆಂದರೆ ಈಗ ಎಣ್ಣೆಗೂ ಬೆಂಕಿಗೂ ನಡುವೆ ಯಾರೂ ಉಳಿದಿಲ್ಲ.

ಹೊಸ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಸುಮಾರು 230 ಡಿಗ್ರಿಯಲ್ಲಿ ಹೊಗೆಯಾಡುತ್ತದೆ. ಬಳಸಿದ ಎಣ್ಣೆ ಇನ್ನೂ ಮೊದಲೇ. ಕಾವು ಏರುತ್ತಾ 350 ಡಿಗ್ರಿ ದಾಟಿ ಹೋದರೆ ಕಡ್ಡಿ ಗೀರದೆಯೇ, ಕಿಡಿ ತಾಗದೆಯೇ ಎಣ್ಣೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಫೋನ್ ಬಂತು, ಬಾಗಿಲಲ್ಲಿ ಕೊರಿಯರ್‌ನವನು ನಿಂತ ಅಂತ ನೀವು ಆಚೆ ಹೋಗಿ ಮಾತಾಡುತ್ತಾ ನಿಂತಷ್ಟರಲ್ಲಿ ಅದು ಅಲ್ಲಿಗೆ ತಲುಪಬಹುದು. ಆದ್ದರಿಂದ ಎಲೆಕ್ಟ್ರಿಷಿಯನ್ ಎಷ್ಟೇ ಪರಿಚಯದವನಾಗಿರಲಿ, 'ಡೈರೆಕ್ಟ್' ಎಂಬ ಮಾತು ಬಂದರೆ ಖಡಾಖಂಡಿತವಾಗಿ ಬೇಡ ಅನ್ನಿ. ಆ ಒಂದು ರಾತ್ರಿಗೆ ಹಳೆಯ ಬಾಣಲೆ, ಒಲೆ ಇದೆ. ಇಲ್ಲವೇ ಆರ್ಡರ್ ಕೊಟ್ಟವರಿಗೆ ಫೋನ್ ಮಾಡಿ ಒಂದು ದಿನ ಕೇಳಿ. ಹಳೆಯ ಫ್ರೈಯರ್ ಕೊಂಡಿದ್ದರೆ ಈ ಭಾಗವನ್ನು ಯಾರಾದರೂ ಮೊದಲೇ ಡೈರೆಕ್ಟ್ ಮಾಡಿಟ್ಟಿದ್ದಾರಾ ಅಂತ ತಿಳಿದವರಿಂದ ಬಿಚ್ಚಿಸಿ ನೋಡಿಸುವುದು ಒಳ್ಳೆಯದು.

ಅಕಸ್ಮಾತ್ ಎಣ್ಣೆಗೆ ಬೆಂಕಿ ಹೊತ್ತಿದರೆ ನೀರು ಮಾತ್ರ ಸುರಿಯಬೇಡಿ. ನೀರು ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಸೂರಿನವರೆಗೂ ಎರಚುತ್ತದೆ. ಕೈಗೆಟುಕಿದರೆ ಮೇನ್ ಆರಿಸಿ, ಸಾಧ್ಯವಾದರೆ ಲೋಹದ ಮುಚ್ಚಳ ಇಲ್ಲವೇ ಫೈರ್ ಬ್ಲಾಂಕೆಟ್ ಮುಚ್ಚಿ. ಹತ್ತಿರ ಹೋಗಲಾಗದಿದ್ದರೆ ಮಕ್ಕಳು, ಹಿರಿಯರನ್ನು ಕರೆದುಕೊಂಡು ಆಚೆ ಬಂದು 101ಕ್ಕೋ 112ಕ್ಕೋ ಫೋನ್ ಮಾಡಿ. ಫ್ರೈಯರನ್ನು ಎತ್ತಿ ಹೊರಗೆ ಒಯ್ಯುವ ಸಾಹಸ ಯಾರೂ ಮಾಡಬಾರದು.

ಜುಂ ಅಂದರೆ ಕೈ ತೆಗೆಯಿರಿ

ಸ್ಟೀಲ್ ಬಾಡಿ ಮುಟ್ಟಿದಾಗ ಬೆರಳಿಗೆ ಜುಂ ಅನ್ನಿಸಿತೇ? "ಚಪ್ಪಲಿ ಹಾಕ್ಕೊಂಡು ಮುಟ್ಟಿದ್ರೆ ಏನೂ ಆಗಲ್ಲ" ಅಂತ ಸಮಾಧಾನ ಮಾಡಿಕೊಳ್ಳುವ ಹೆಂಗಸರು ನಮ್ಮಲ್ಲಿ ಕಡಿಮೆಯಿಲ್ಲ. ಅದು ಕರೆಂಟ್ ಸೋರಿಕೆ. ಮನೆಯ ಅರ್ತಿಂಗ್ ಕೂಡ ಸರಿಯಿಲ್ಲ ಅಂತ ಅದು ಹೇಳುತ್ತಿದೆ. ಮೇನ್ ಆರಿಸಿ, ಪ್ಲಗ್ ತೆಗೆದಿಡಿ. ತೋರಿಸಿದ ಮೇಲೆಯೇ ಮತ್ತೆ ಹಾಕುವುದು.

ಸ್ವಿಚ್ ಹಾಕಿದ ತಕ್ಷಣ ಮನೆಯ ಆರ್‌ಸಿಸಿಬಿ ಹಾರುತ್ತಿದ್ದರೂ ಇದೇ ಸೂಚನೆ. ಮಳೆಗಾಲದಲ್ಲಿ ಒಂದೆರಡು ತಿಂಗಳು ಬಳಸದೆ ಇಟ್ಟ ಫ್ರೈಯರ್‌ನಲ್ಲಿ ಹೀಗಾಗುವುದು ಹೆಚ್ಚು. ಕಾಯಿಲ್ ಒಳಗೆ ತುಂಬಿರುವ ಬಿಳಿ ಪುಡಿ ತೇವ ಎಳೆದುಕೊಳ್ಳುತ್ತದೆ. ಮೆಕ್ಯಾನಿಕ್ ಮೆಗ್ಗರ್ ಹಾಕಿ ನೋಡಿ, ಒಣಗಿಸಿದರೆ ಸಾಕೋ ಕಾಯಿಲ್ ಬದಲಿಸಬೇಕೋ ಹೇಳುತ್ತಾನೆ.

ಇನ್ನು ಪ್ಲಗ್. 2.5 ಕಿಲೋವಾಟ್ ಅಂದರೆ ಸುಮಾರು 11 ಆಂಪಿಯರ್ ಎಳೆತ. 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು, ಮಿಕ್ಸಿ ಹಾಕುವ ಸಣ್ಣದಲ್ಲ, ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಅಲ್ಲವೇ ಅಲ್ಲ. ಅರ್ಧ ಗಂಟೆ ನಡೆದ ಮೇಲೆ ಸ್ವಿಚ್ ಆರಿಸಿ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ಕಂಡರೆ ಒಳಗೆ ಎಲ್ಲೋ ಸ್ಕ್ರೂ ಸಡಿಲವಾಗಿದೆ. ಎಲ್ಲಕ್ಕಿಂತ ಅಗ್ಗದ ರಿಪೇರಿ ಇದು, ಎಲ್ಲರೂ ಮುಂದೂಡುವುದೂ ಇದನ್ನೇ!

ಗ್ಯಾಸ್ ಫ್ರೈಯರ್ ಇದ್ದವರಿಗೆ

ಉರಿ ನೀಲಿಯಾಗಿ, ನೆಟ್ಟಗೆ ಇರಬೇಕು. ಹಳದಿಯಾಗಿ ತೂಗಾಡುತ್ತಾ ತಳಕ್ಕೆ ಮಸಿ ಹಿಡಿಸುತ್ತಿದ್ದರೆ ಬರ್ನರ್‌ಗೆ ಗಾಳಿ ಸಾಲುತ್ತಿಲ್ಲ, ತೂತು ಕಟ್ಟಿಕೊಂಡಿವೆ. ಪೈಲಟ್ ಇರುವ ಮಾದರಿಯಲ್ಲಿ ಗುಂಡಿ ಒತ್ತಿ ಹಿಡಿದು ಅರ್ಧ ನಿಮಿಷವಾದ ಮೇಲೂ ಕೈ ಬಿಟ್ಟ ಕೂಡಲೇ ಪೈಲಟ್ ಆರಿಹೋಗುತ್ತಿದ್ದರೆ ಸಾಮಾನ್ಯವಾಗಿ ಥರ್ಮೋಕಪಲ್ ಸಡಿಲವಾಗಿರುತ್ತದೆ ಇಲ್ಲವೇ ಸವೆದಿರುತ್ತದೆ. ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ಭಾಗವದು. ಗುಂಡಿಗೆ ದಾರವೋ ಟೇಪೋ ಕಟ್ಟಿ ಒತ್ತಿ ಹಿಡಿಸುವ ಜಾಣತನವೂ ಮೇಲಿನ 'ಡೈರೆಕ್ಟ್'ನ ಅಣ್ಣನೇ. ಗ್ಯಾಸ್ ವಾಸನೆ ಬಂದರೆ ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ವ್ಯಾಪಾರಕ್ಕೆ ಮನೆಯ 14.2 ಕೆ.ಜಿ. ಸಿಲಿಂಡರ್ ಬಳಸುವಂತಿಲ್ಲ, 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರೇ ಬೇಕು ಎನ್ನುವುದು ನೆನಪಿರಲಿ.

ಮೆಕ್ಯಾನಿಕ್ ಬಂದಾಗ

"ಏನಾಗಿದೆ ಮೇಡಂ?" ಅಂದರೆ "ಸರಿಯಾಗಿ ಕೆಲಸ ಮಾಡ್ತಿಲ್ಲ" ಅನ್ನಬೇಡಿ. ಕಾಯಲು ಇಷ್ಟು ನಿಮಿಷ, ಗುಂಡಿ 180ರಲ್ಲಿ ಇದ್ದಾಗ ಎಣ್ಣೆ ಇಷ್ಟು, ವಾರದಲ್ಲಿ ಇಷ್ಟು ಸಲ ಹಾರಿದೆ ಅಂತ ಚೀಟಿ ತೋರಿಸಿ. ಲೆಕ್ಕ ಇಟ್ಟವರ ಹತ್ತಿರ ಇಲ್ಲದ ರಿಪೇರಿ ಹೇಳುವುದು ಕಷ್ಟ.

ಥರ್ಮೋಸ್ಟಾಟ್ ಬದಲಿಸುವುದಾದರೆ ಒಂದನ್ನು ಗಟ್ಟಿಯಾಗಿ ಕೇಳಿ: ಹೊಸದು ಎಷ್ಟು ಡಿಗ್ರಿವರೆಗಿನದು? ಫ್ರೈಯರ್‌ನದ್ದು ಸಾಮಾನ್ಯವಾಗಿ 190 ಅಥವಾ 200ಕ್ಕೆ ನಿಲ್ಲುತ್ತದೆ. ಓವನ್‌ಗೆ ಹಾಕುವ 300 ಡಿಗ್ರಿಯದ್ದೂ ನೋಡಲು ಹಾಗೇ ಇರುತ್ತದೆ, ಕೂರುತ್ತದೆ ಕೂಡ. ಅದನ್ನು ಹಾಕಿ ಹಳೆಯ ಗುಂಡಿಯನ್ನೇ ಸಿಕ್ಕಿಸಿದರೆ, ಗುಂಡಿ 180 ಎನ್ನುವಲ್ಲಿ ಎಣ್ಣೆ ಎಲ್ಲಿರುತ್ತದೋ ದೇವರಿಗೇ ಗೊತ್ತು. ಕಾಯಿಲ್ ಬದಲಿಸುವಾಗಲೂ ಹಳೆಯದರಷ್ಟೇ ವಾಟ್ ಇರಲಿ. ಹೆಚ್ಚಿನದು ಹಾಕಿದರೆ ಬೇಗ ಕಾಯುತ್ತೆ ಅಂತ ಆಸೆ ತೋರಿಸುತ್ತಾರೆ, ಒಳಗಿನ ವೈರು, ಸ್ವಿಚ್ಚು ಆ ಭಾರಕ್ಕೆ ಮಾಡಿದ್ದಲ್ಲ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಇಟ್ಟುಕೊಳ್ಳಿ. ದುಡ್ಡು ಕೊಡುವ ಮೊದಲು ಅವರೆದುರೇ ಎಣ್ಣೆ ಹಾಕಿ ಕಾಯಿಸಿ, ನಿಮ್ಮ ಥರ್ಮಾಮೀಟರಿನಲ್ಲೇ ಅಳೆದು ನೋಡಿ.

ರಿಪೇರಿಯೋ, ಹೊಸದೋ? ಕಾಯಿಲ್, ಥರ್ಮೋಸ್ಟಾಟ್, ಸ್ವಿಚ್ಚು, ಎಣ್ಣೆ ಬಸಿಯುವ ನಲ್ಲಿ ಇವೆಲ್ಲ ಬಿಡಿಯಾಗಿ ಸಿಗುವ ಭಾಗಗಳು, ಹಾಕಿಸಿ ಮುಂದುವರಿಯಿರಿ. ಟ್ಯಾಂಕಿನ ಬೆಸುಗೆಯೇ ಬಿಟ್ಟು ಎಣ್ಣೆ ಜಿನುಗುತ್ತಿದ್ದರೆ, ಇಲ್ಲವೇ ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ಮುಟ್ಟುತ್ತಿದ್ದರೆ ಅದಕ್ಕೆ ಇನ್ನು ದುಡ್ಡು ಸುರಿಯಬೇಡಿ. ಮುಚ್ಚಿದ ಹೋಟೆಲ್‌ನ ಸೆಕೆಂಡ್ ಹ್ಯಾಂಡ್ ಫ್ರೈಯರ್ ಅಗ್ಗಕ್ಕೆ ಸಿಗುತ್ತೆ ಅಂತ ಹೋದರೆ ದೀಪ ಹತ್ತಿದ್ದನ್ನಷ್ಟೇ ನೋಡಿ ಬರಬೇಡಿ. ನೀರು ಕಾಯಿಸಿ ತೋರಿಸಿದರೂ ಸಾಲದು, ನೀರು 100 ಡಿಗ್ರಿ ದಾಟುವುದಿಲ್ಲವಾದ್ದರಿಂದ ಥರ್ಮೋಸ್ಟಾಟ್ ಬಣ್ಣ ಬಯಲಾಗುವುದೇ ಇಲ್ಲ. ಎಣ್ಣೆ ಡಬ್ಬಿ, ಥರ್ಮಾಮೀಟರ್ ಎರಡನ್ನೂ ಜೊತೆಗೆ ಒಯ್ದು, ಅರ್ಧ ಗಂಟೆ ಓಡಿಸಿ ನೋಡಿಯೇ ಬೆಲೆ ಮಾತಾಡಿ.